ಶುಕ್ರವಾರ ಚರ್ಚಿಗೆ ಹೋದ ಇಂಗ್ಲೆಂಡಿನವ

ಕಂತು ಒಂಬತ್ತು

“ಕೀತ್ ಗುರುವಾರ ಸತ್ತುಹೋಗ್ತಾನೆ. ಭಾನುವಾರ ಬೆಳಿಗ್ಗೆ ಎದ್ದು ಬರ್ತಾನೆ. ವಾರವಾರವೂ ಹೀಗೇ,” ಎಂದಳು ಚಿನ್ಮಯಿ, ಹಾಳೆಯಿಂದ ತಲೆಯೆತ್ತದೆ.

“ಮೂರನೇ ದಿನ ಎದ್ದು ಬಂದವರು ನಮ್ಮಲ್ಲಿ ಒಬ್ಬರೇ ಇರುವುದು,” ಎಂದ ಮೋರಿಸ್, ಚಹಾ ಸೋಸುತ್ತ. “ಅವರಿಗೆ ಫೇಸ್‌ಬುಕ್ ಇರ್ಲಿಲ್ಲ.”

ಹೆಲೆನ್ ನಗಲಿಲ್ಲ. ಕುವೈತಿನ ಅಬು ಹಲೀಫಾದ ಆ ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಅವಳು ಗಂಡನ ನಗೆಮಾತುಗಳಿಗೆ ಕಿವಿಗೊಟ್ಟು ಮೂರು ದಿನಗಳಾಗಿದ್ದವು.

ಮೂರು ದಿನಗಳ ಹಿಂದೆ ಅವಳಿಗೆ ಒಂದು ಇ-ಮೈಲು ಬಂದಿತ್ತು. ಉತ್ತರ ಇಂಗ್ಲೆಂಡಿನ ಯಾವ ಆಸ್ಪತ್ರೆ ಏಪ್ರಿಲ್‌ನಲ್ಲಿ ಅವಳಿಗೆ ನರ್ಸ್ ಕೆಲಸದ ಆಫರ್ ಲೆಟರ್ ಕಳುಹಿಸಿತ್ತೋ ಅದೇ ಆಸ್ಪತ್ರೆ ಈಗ ಕೇಳುತ್ತಿತ್ತು: ‘ಅವರ್ ಟೌನ್ ಫಸ್ಟ್’ ಎಂಬ ಫೇಸ್‌ಬುಕ್ ಪುಟಕ್ಕೂ ನಿಮಗೂ ಏನು ಸಂಬಂಧ?

ಹೊರದೇಶದ ನರ್ಸುಗಳಿಗೆ ವೀಸಾ ಕೊಡುವುದನ್ನು ಸರಕಾರ ನಿಲ್ಲಿಸಬೇಕು, ನಮ್ಮ ಆಸ್ಪತ್ರೆಗಳ ಸಾಲುಗಳಲ್ಲಿ ನಮಗೇ ಜಾಗವಿಲ್ಲ ಎಂದು ದಿನಕ್ಕೊಂದು ಬರಹ ಹಾಕುತ್ತಿದ್ದ ಪುಟ ಅದು. ನಡೆಸುವವನು ಕೀತ್, ನಿವೃತ್ತ ಬಸ್ ಚಾಲಕ ಎಂದು ಅದರ ಮೇಲಿತ್ತು. ಅದರ ಒಂದೇ ಒಂದು ಚಿತ್ರ ಹೆಲೆನ್‌ಳ ಕುತ್ತಿಗೆಗೆ ಬಂದಿತ್ತು. ‘ನಮ್ಮೂರ ಆಸ್ಪತ್ರೆಯ ಇಂದಿನ ಸ್ಥಿತಿ’ ಎಂದು ಕೀತ್ ತೋರಿಸಿದ ಆ ಜನಜಂಗುಳಿ ಜಹ್ರಾದಲ್ಲಿ ಹೆಲೆನ್ ಕೆಲಸ ಮಾಡುವ ಖಾಸಗಿ ಕ್ಲಿನಿಕ್ಕಿನದು. ಅಲ್ಲಿಂದ ಇಂಗ್ಲೆಂಡಿಗೆ ಹೋಗಿದ್ದ ಹಳೆಯ ನರ್ಸೊಬ್ಬಳು ಆ ನೀಲಿ ಕುರ್ಚಿಗಳನ್ನು ಗುರುತಿಸಿ ಮೇಲಿನವರಿಗೆ ತಿಳಿಸಿದ್ದಳು. ಆ ಕ್ಲಿನಿಕ್ಕಿನಿಂದ ಈ ವರ್ಷ ಆಯ್ಕೆಯಾದವಳು ಹೆಲೆನ್ ಒಬ್ಬಳೇ.

ಉತ್ತರ ಕೊಡಲು ಸೋಮವಾರ ಬೆಳಿಗ್ಗೆಯವರೆಗೆ ಸಮಯ. ಇಂದು ಶನಿವಾರ, ೨೦೧೬ರ ಮೇ ಹದಿನಾಲ್ಕು.

ಕ್ಲಿನಿಕ್ಕಿಗೆ ಹೆಲೆನ್ ರಾಜೀನಾಮೆ ಕೊಟ್ಟಾಗಿತ್ತು. ತಿಂಗಳ ಕೊನೆಗೆ ಅವಳ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿಯುತ್ತಿತ್ತು. ಮೋರಿಸ್ ತಾನೂ ಕೆಲಸ ಬಿಟ್ಟು ಕಾರನ್ನು ಮಾರಿದ್ದ. ಇಂಗ್ಲೆಂಡ್ ಬಾಗಿಲು ಹಾಕಿಕೊಂಡರೆ ಕುವೈತಿನಲ್ಲಿ ಉಳಿಯಲು ಪರವಾನಗಿಯೂ ಇಲ್ಲ, ಹೋಗಲು ಬೇರೆ ಜಾಗವೂ ಇಲ್ಲ.

ಮೇಲಿನ ಮಹಡಿಯ ಚಿನ್ಮಯಿ ಈ ವಿಷಯಕ್ಕೆ ಕೈಹಾಕಿದ್ದು ಪತ್ತೇದಾರಿಕೆಯ ಹುಚ್ಚಿನಿಂದಲ್ಲ. ಅಹ್ಮದಿಯ ಪ್ರಯೋಗಾಲಯವೊಂದರಲ್ಲಿ ನೀರಿನ ಮಾದರಿಗಳನ್ನು ಪರೀಕ್ಷಿಸುವ ಈ ಮೈಸೂರಿನ ಹುಡುಗಿಗೆ ಅಳೆಯದೆ ಮಾತಾಡುವವರನ್ನು ಕಂಡರೆ ಆಗದು. ಕೀತ್‌ನ ಎಪ್ಪತ್ತೊಂದು ಬರಹಗಳನ್ನೂ ಅವಳು ದಿನ, ಗಂಟೆ, ಪದಸಂಖ್ಯೆ ಎಂದು ಕೋಷ್ಟಕಕ್ಕೆ ಇಳಿಸಿದ್ದಳು.

“ಶುಕ್ರವಾರ, ಶನಿವಾರ ಒಂದೂ ಇಲ್ಲ. ಇಂಗ್ಲೆಂಡಿನ ರಜೆ ಶನಿವಾರ, ಭಾನುವಾರ ಅಲ್ವಾ? ಇದು ಕುವೈತಿನ ರಜೆ. ಇನ್ನೂ ಒಂದಿದೆ, ನೋಡಿ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರಾನ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ.”

“ಯಾರು?”

“ಇಡೀ ದೇಶ, ಮೋರಿಸಣ್ಣ.”

“ಅದಕ್ಕೂ ಕಾನೂನು ಉಂಟಾ!”

“ಅವತ್ತಿನಿಂದ ಕೀತ್ ಅಲ್ಲಿಯ ಲೆಕ್ಕದಲ್ಲಿ ಒಂದು ಗಂಟೆ ತಡವಾಗಿ ಬರೀತಾನೆ. ನಮ್ಮ ಲೆಕ್ಕದಲ್ಲಿ ಮಾತ್ರ ಅದೇ ಬೆಳಿಗ್ಗೆ ಹತ್ತು ಗಂಟೆ, ಐದು ನಿಮಿಷ ಆಚೀಚೆ. ಅವನ ಗಡಿಯಾರ ಇಲ್ಲಿದೆ.”

ಹೆಲೆನ್ ಲೋಟವನ್ನು ಮೇಜಿನ ಮೇಲಿಟ್ಟಳು. “ಹಾಗಾದ್ರೆ ಆಯ್ತಲ್ಲ. ಯಾರೋ ಇಲ್ಲಿಯ ಇಂಗ್ಲಿಷಿನವ. ಆಯಿಲ್ ಕಂಪನಿಯಲ್ಲಿ ಎಷ್ಟು ಜನ ಇಲ್ಲ!”

ಹಾಗೆಂದು ಚಿನ್ಮಯಿಯೂ ನಿನ್ನೆಯವರೆಗೆ ನಂಬಿದ್ದಳು. ಅವಳ ತಲೆ ಕೆಡಿಸಿದ್ದು ಎರಡನೆಯ ಹಾಳೆ.

ಕೀತ್‌ಗೆ ಒಬ್ಬಳು ಕಡುವೈರಿ ಇದ್ದಳು. ‘ಓಪನ್ ಡೋರ್’ ಎಂಬ ಪುಟದ ಸೂಸನ್, ಶಾಲಾ ಶಿಕ್ಷಕಿ. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ಬ್ರಿಟನ್ ಮತ ಹಾಕಲು ಇನ್ನು ನಲವತ್ತೇ ದಿನಗಳಿದ್ದವು. ಮನೆಮನೆಯೂ ಇಬ್ಭಾಗವಾಗಿದ್ದ ಆ ನಾಡಿನಲ್ಲಿ ಕೀತ್ ಒಂದು ಹೇಳಿದರೆ ಸೂಸನ್ ಅದನ್ನು ಸೀಳಿ ಹಾಕುತ್ತಿದ್ದಳು. ಕೆಳಗೆ ಸಾವಿರಾರು ಜನ ಬಂದು ಒಬ್ಬರ ಮೇಲೊಬ್ಬರು ಉರಿದು ಬೀಳುತ್ತಿದ್ದರು.

ಪ್ರಯೋಗಾಲಯದಲ್ಲಿ ಕೊಳೆನೀರನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ಶುದ್ಧ ನೀರನ್ನೂ ಇಡುವುದು ವಾಡಿಕೆ. ಹಾಗೆ, ಹೋಲಿಕೆಗೆಂದು ಮಾತ್ರ ಚಿನ್ಮಯಿ ಸೂಸನ್‌ಳ ಬರಹಗಳನ್ನೂ ಪಟ್ಟಿ ಮಾಡಿದ್ದಳು. ಶುಕ್ರವಾರ, ಶನಿವಾರ ಸೂಸನ್ ಕೂಡ ಮೌನಿ. ಅವಳ ಗಡಿಯಾರವೂ ಕುವೈತಿನದು. ಕೀತ್ ಹತ್ತಕ್ಕೆ ಬರೆದರೆ ಸೂಸನ್ ಹತ್ತೂಕಾಲಿಗೆ.

“ಎರಡೂ ಕೊಳೆನೀರೇ,” ಎಂದಳು ಚಿನ್ಮಯಿ. “ಅಥವಾ ಎರಡೂ ಒಂದೇ ಬಾಟಲಿಯದು. ನನಗೇ ಗೊತ್ತಾಗ್ತಾ ಇಲ್ಲ.”

ಮೋರಿಸ್ ಸೂಸನ್‌ಳ ಹಾಳೆಯನ್ನು ಎಳೆದುಕೊಂಡ. “ಹೋಯ್, ಇವಳಿಗೆ ನಾನು ದಿನಾ ಲೈಕ್ ಕೊಡ್ತಿದ್ದೆ!”

“ಹೆಲೆನಕ್ಕ, ಈ ಸಾಲು ಓದಿ. ಫೆಬ್ರವರಿ ಇಪ್ಪತ್ತೊಂದರ ಬರಹ. ನಾನು ಮೂರು ಸಲ ಓದಿದರೂ ಇದರಲ್ಲಿ ತಪ್ಪೇ ಕಾಣಲಿಲ್ಲ. ನಾಲ್ಕನೇ ಸಲ ನನಗೇ ನಾಚಿಕೆಯಾಯ್ತು.”

ಕೀತ್ ಬರೆದಿದ್ದ: *ಶುಕ್ರವಾರ ಬೆಳಿಗ್ಗೆ ಚರ್ಚಿನಿಂದ ಹೊರಬರುವಾಗ ಅಂಗಳದಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಹತ್ತು ದೇಶಗಳ ಜನ ಹತ್ತು ಭಾಷೆಗಳಲ್ಲಿ ಮಾತಾಡುತ್ತಾರೆ. ನನ್ನ ಭಾಷೆಯನ್ನು ನಾನು ಕಿವಿಯಿಂದ ಹುಡುಕುತ್ತೇನೆ.*

“ಶುಕ್ರವಾರ ಪೂಜೆಗೆ ಹೋಗುವುದರಲ್ಲಿ ಎಂತ ತಪ್ಪು?” ಎಂದ ಮೋರಿಸ್. “ನಿನ್ನೆ ನಾವೂ…” ಅವನ ಮಾತು ಅಲ್ಲೇ ನಿಂತಿತು.

ಕೊಲ್ಲಿಯ ಕ್ರೈಸ್ತರು ರಜೆಯ ದಿನವಾದ ಶುಕ್ರವಾರವೇ ಭಾನುವಾರದ ಪೂಜೆಯನ್ನು ಮುಗಿಸುವವರು. ವರ್ಷಗಟ್ಟಲೆ ಇಲ್ಲಿದ್ದವರಿಗೆ ಅದು ಉಸಿರಾಟದಷ್ಟು ಸಹಜ. ಇಂಗ್ಲೆಂಡಿನ ಬಸ್ ಚಾಲಕನಿಗೆ ಶುಕ್ರವಾರ ಬೆಳಿಗ್ಗೆ ಚರ್ಚಿನಂಗಳದಲ್ಲಿ ಏನು ಕೆಲಸ?

ಹೆಲೆನ್ ಆ ಸಾಲಿನ ಮೇಲೆ ಬೆರಳಿಟ್ಟವಳು ತೆಗೆಯಲೇ ಇಲ್ಲ. ಕಡೆಗೆ ಎದ್ದು ಒಳಗಿನಿಂದ ಒಂದು ಹಸಿರು ಫೈಲು ತಂದು ಹಾಳೆಗಳನ್ನು ಮಗುಚಿದಳು. ಒಂದನ್ನು ಹೊರತೆಗೆದು ಕೀತ್‌ನ ಬರಹದ ಪಕ್ಕದಲ್ಲಿಟ್ಟಳು.

ಅದೇ ಅಂಗಳ, ಅದೇ ಹತ್ತು ಭಾಷೆಗಳು, ಹೆಲೆನ್‌ಳ ದುಂಡು ಅಕ್ಷರಗಳಲ್ಲಿ. ಅಂಚಿನಲ್ಲಿ ಕೆಂಪು ಶಾಯಿಯ ಟಿಪ್ಪಣಿ: ಚೆನ್ನಾಗಿದೆ, ಸ್ವಂತ ಜೀವನದ ಉದಾಹರಣೆ ಕೊಟ್ಟದ್ದು ಒಳ್ಳೆಯದಾಯಿತು.

“ರೋಕ್ ಸರ್‌ನ ಕ್ಲಾಸಲ್ಲಿ ಬರೆದದ್ದು,” ಎಂದಳು ಹೆಲೆನ್, ಮೆಲ್ಲಗೆ. “ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ. ರೈಟಿಂಗಲ್ಲಿ ನಂಗೆ ಎರಡು ಸಲ ಆರೂವರೆ ಬಂದು ಹೋಯ್ತಲ್ಲ, ಬ್ಯಾಂಡ್ ಏಳು ಬೇಕಿತ್ತು. ಶುಕ್ರವಾರ ಹೊರದೇಶದವರು ಬರಲಿ ಅಂತ ಬರೆಯುವುದು. ಶನಿವಾರ ಬೇಡ ಅಂತ ಬರೆಯುವುದು. ಎರಡೂ ಕಡೆ ಬರೆಯಲಿಕ್ಕೆ ಬಂದ್ರೆ ಮಾತ್ರ ಪಾಸು.”

“ಪ್ರತಿ ಸಲವೂ ಸ್ವಂತ ಉದಾಹರಣೆ?”

“ಇಲ್ಲದಿದ್ರೆ ಮಾರ್ಕು ಕೊಡುವುದಿಲ್ಲ, ಮಾರಾಯ್ತಿ.”

ಚಿನ್ಮಯಿ ಫೈಲನ್ನು ತನ್ನತ್ತ ಸರಿಸಿ ಒಂದೊಂದೇ ಹಾಳೆಯನ್ನು ಪಟ್ಟಿಗೆ ಹೋಲಿಸಿದಳು. ಅರ್ಧ ಗಂಟೆ ಹಿಡಿಯಿತು. ಹೆಲೆನ್‌ಳ ಇಪ್ಪತ್ತೆರಡು ಪ್ರಬಂಧಗಳಲ್ಲಿ ಹತ್ತೊಂಬತ್ತು ಸಿಕ್ಕವು, ಹತ್ತು ಕೀತ್‌ನ ಬಾಯಲ್ಲಿ, ಒಂಬತ್ತು ಸೂಸನ್‌ಳ ಬಾಯಲ್ಲಿ. ಊರಿನ ಹೆಸರುಗಳಷ್ಟೇ ಬದಲಾಗಿದ್ದವು. ದಿನದ ಹೆಸರನ್ನು ಬದಲಿಸಲು ಮಾತ್ರ ಮರೆತಿದ್ದರು.

“ಅಂದ್ರೆ,” ಎಂದ ಮೋರಿಸ್, “ಇಷ್ಟು ದಿನ ಇಂಗ್ಲೆಂಡಿನವರು ತಲೆ ಒಡೆದುಕೊಂಡದ್ದು ನನ್ನ ಹೆಂಡತಿಯ ಹೋಂವರ್ಕಿಗಾ?”

ಹೆಲೆನ್ ಕಣ್ಣೊರೆಸಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವಂತಿರಲಿಲ್ಲ.

“ಸಂಬಂಧ ಇಲ್ಲ ಅಂತ ಈಗ ಬರೆಯೋ ಹಾಗಿಲ್ಲ, ಹೆಲೆನಕ್ಕ. ಅದು ಸುಳ್ಳಾಗುತ್ತೆ. ಸುಳ್ಳು ಅಂತ ಅವರಿಗೆ ಗೊತ್ತಾದರೆ ಈ ಆಸ್ಪತ್ರೆ ಮಾತ್ರ ಅಲ್ಲ, ಆ ದೇಶವೇ ಹೋಯ್ತು. ನಡೆದದ್ದನ್ನು ರೋಕ್ ಸರ್ ಸಹಿ ಮಾಡಿ ಕೊಡಲಿ. ಸಂಜೆಯೊಳಗೆ ತರ್ತೀನಿ.”

* * *

ಇದಿನಬ್ಬನ ವ್ಯಾನಿನಲ್ಲಿ ಏರ್ ಕಂಡೀಷನರಿಗಿಂತ ಅವನ ಮಾತೇ ಜೋರು. ವಾರದ ರಜೆಯಲ್ಲಿ ನರ್ಸುಗಳನ್ನು ರೋಕ್ ಸರ್‌ನ ಕ್ಲಾಸಿಗೆ ಕರೆತರುವವನು ಅವನೇ.

“ನೀವೂ ಲಂಡನ್ನಾ ಮೇಡಂ?”

“ಇಲ್ಲ ಇದಿನಬ್ಬಣ್ಣ. ಒಂದು ಕಾಗದ ಬೇಕಿತ್ತು.”

“ರೋಕ್ ಸರ್ ಭಾರೀ ಜನ. ವಾರವೆಲ್ಲ ಶಾಲೆ, ಶುಕ್ರವಾರ ಶನಿವಾರ ಇಲ್ಲಿ. ಉಸಿರು ಬಿಡ್ಲಿಕ್ಕೆ ಪುರುಸೊತ್ತಿಲ್ಲ ಅವರಿಗೆ.”

ಚಿನ್ಮಯಿ ಕೈಚೀಲದಿಂದ ಪಟ್ಟಿಯನ್ನು ತೆಗೆದು ನೋಡಿದಳು. ವಾರದ ಐದು ದಿನ ಶಾಲೆ. ಹತ್ತು ಗಂಟೆ ಅಲ್ಲಿಯ ವಿರಾಮದ ವೇಳೆಯಾಗಿರಬಹುದು. ರಜೆಯ ಎರಡು ದಿನ ಕ್ಲಾಸು, ಕೀತ್‌ಗೂ ಸೂಸನ್‌ಗೂ ಬಿಡುವಿಲ್ಲ. ಪಟ್ಟಿ ಕೂಡಿಬಂದಿತು. ಕೂಡಿಬಂದ ಪಟ್ಟಿಯನ್ನು ಕಂಡರೆ ಸಾಮಾನ್ಯವಾಗಿ ಅವಳ ಮನಸ್ಸು ಹಗುರಾಗುತ್ತದೆ. ಇಂದೇಕೋ ಆಗಲಿಲ್ಲ.

ಕಡಲ ಕಡೆಯ ಬೀದಿಯ ಫ್ಲ್ಯಾಟೊಂದರ ಹಾಲಿನಲ್ಲಿ ಹನ್ನೆರಡು ನರ್ಸುಗಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಬಿಳಿ ಹಲಗೆಯ ಮೇಲೆ ಇಂದಿನ ಪ್ರಶ್ನೆ: ವಲಸೆ ಬಂದವರು ಸರಕಾರಿ ಸೌಲಭ್ಯಗಳಿಗೆ ಐದು ವರ್ಷ ಕಾಯಬೇಕೆಂದು ಕೆಲವರು ಹೇಳುತ್ತಾರೆ. ನೀವು ಎಷ್ಟರಮಟ್ಟಿಗೆ ಒಪ್ಪುತ್ತೀರಿ?

ರೋಕ್ ಐವತ್ತು ದಾಟಿದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಒಂದು ಕೆಂಪು. ಚಿನ್ಮಯಿ ಕಾರಣ ಹೇಳಿದಾಗ ಅವಳನ್ನು ಬಾಲ್ಕನಿಗೆ ಕರೆದೊಯ್ದು ಗಾಜಿನ ಬಾಗಿಲನ್ನು ಎಳೆದ.

ಅವಳು ಎರಡು ಪಟ್ಟಿಗಳನ್ನೂ ಕಟ್ಟೆಯ ಮೇಲೆ ಹರಡಿದಳು. ಅವನು ಪ್ರತಿ ಸಾಲನ್ನೂ ಓದಿದ. ಪ್ರಬಂಧ ತಿದ್ದುವವನಂತೆ ಓದಿದ.

“ಒಳ್ಳೆಯ ಕೆಲಸ,” ಎಂದ. “ಗಡಿಯಾರದ ವಿಷಯ ನನಗೆ ಹೊಳೆಯಲೇ ಇಲ್ಲ.”

“ಕೀತ್ ಯಾರು, ಸರ್?”

“ನಾನೇ.”

“ಸೂಸನ್?”

“ಅದೂ ನಾನೇ. ಬೇರೆ ಯಾರಿಗೆ ಪುರುಸೊತ್ತು ಉಂಟು?”

ಚಿನ್ಮಯಿ ಅವನು ಅಲ್ಲಗಳೆಯುತ್ತಾನೆಂದು ಸಿದ್ಧವಾಗಿ ಬಂದಿದ್ದಳು. ಒಪ್ಪಿಕೊಂಡರೆ ಮುಂದೇನು ಕೇಳಬೇಕೆಂದು ಬರೆದುಕೊಂಡಿರಲಿಲ್ಲ.

ರೋಕ್ ತಾನಾಗಿಯೇ ಹೇಳಿದ. ಲಂಡನ್ನಿನ ಒಂದು ಸಣ್ಣ ಕಂಪನಿ; ಹಳೆಯ ಶಿಷ್ಯೆಯೊಬ್ಬಳ ಗಂಡ ಅದರಲ್ಲಿದ್ದ. ಸಾಮಾನ್ಯ ಜನರು ಬರೆದಂತಹ ಬರಹಗಳು ಬೇಕು, ಎರಡೂ ಕಡೆಯವು ಬೇಕು, ಪುಟಗಳನ್ನು ನೀವೇ ನೋಡಿಕೊಳ್ಳಿ ಎಂದರಂತೆ. ಜಗಳ ಬೆಳೆದಷ್ಟೂ ನೋಡುವವರು ಹೆಚ್ಚು, ದುಡ್ಡೂ ಹೆಚ್ಚು. ಯಾರು ಗೆದ್ದರೂ ಅವರಿಗೆ ಅಡ್ಡಿಯಿಲ್ಲ.

“ನಿಮಗೆ?”

“ನನಗೆ ಯಾವ ಪಕ್ಷವೂ ಇಲ್ಲ, ಮಿಸ್. ಪರೀಕ್ಷೆಯಲ್ಲಿ ಪಕ್ಷ ಇರುವುದಿಲ್ಲ.”

“ಆದ್ರೆ ಜನ ಅದನ್ನ ನಂಬಿದಾರೆ.”

“ಬ್ಯಾಂಡ್ ಏಳಕ್ಕೆ ಬರೆದದ್ದನ್ನು ನಂಬದೆ ಮತ್ತೆಂತ ಮಾಡ್ತಾರೆ?” ರೋಕ್ ನಕ್ಕ. ಅದರಲ್ಲಿ ಅಹಂಕಾರವಿರಲಿಲ್ಲ, ಮಾಸ್ತರನ ಹೆಮ್ಮೆ ಇತ್ತು. ಚಿನ್ಮಯಿಗೆ ಅದೇ ಹೆಚ್ಚು ಕಸಿವಿಸಿಯಾಯಿತು.

ಅವಳು ಮೂರನೆಯ ಹಾಳೆಯನ್ನು ಮುಂದಿಟ್ಟಳು. ಕೀತ್ ಹಾಕಿದ ಆಸ್ಪತ್ರೆಯ ಚಿತ್ರದ ಕೆಳಗೆ ಯಾರೋ ಮುದುಕಿಯ ಮಗ ಬರೆದ ಮಾತು ಅದರಲ್ಲಿತ್ತು: *ನಾಳೆಯಿಂದ ನಮ್ಮಮ್ಮನಿಗೆ ಆ ಜನ ಕೈ ತಾಗಿಸಲು ಬಿಡುವುದಿಲ್ಲ. ಅವಳಿಗೂ ಹಾಗೇ ಹೇಳಿಕೊಟ್ಟಿದ್ದೇನೆ.*

“ಒಳಗೆ ಕೂತು ಬರೀತಿದ್ದಾರಲ್ಲ ಸರ್, ಆ ಹನ್ನೆರಡು ಜನ. ಆ ಅಮ್ಮನ ವಾರ್ಡಿಗೆ ಹೋಗೋರು ಅವರೇ.”

ರೋಕ್ ಗಾಜಿನಾಚೆ ನೋಡಿದ. ಒಬ್ಬಳು ಕೈಯೆತ್ತಿ ಇನ್ನೊಂದು ಹಾಳೆ ಕೇಳುತ್ತಿದ್ದಳು.

“ಹೆಲೆನ್‌ಗೆ ಕೆಲಸ ಹೋಗ್ತದಾ?” ಎಂದು ಕಡೆಗೆ ಕೇಳಿದ.

“ಸೋಮವಾರ ಬೆಳಿಗ್ಗೆಗೆ ನಿಮ್ಮ ಸಹಿ ಇರೋ ಕಾಗದ ಅಲ್ಲಿಗೆ ತಲುಪದಿದ್ದರೆ ಹೋಗುತ್ತೆ.”

ಅವನು ಒಳಗೆ ಹೋಗಿ ಬಿಳಿ ಹಾಳೆ ತಂದು ಬಾಲ್ಕನಿಯ ಕಟ್ಟೆಯ ಮೇಲೆಯೇ ಬರೆಯತೊಡಗಿದ. ನಾಲ್ಕು ಪ್ಯಾರಾ. ಪುಟಗಳು ತನ್ನವು, ಬರಹಗಳು ವಿದ್ಯಾರ್ಥಿಗಳ ಅಭ್ಯಾಸ ಪ್ರಬಂಧಗಳು, ಅವರಿಗೆ ಈ ವಿಷಯ ತಿಳಿಯದು, ತಪ್ಪು ತನ್ನೊಬ್ಬನದು. ಇದು ಹೊರಬಿದ್ದರೆ ಶಾಲೆಯ ಕೆಲಸ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಸಹಿ ಮಾಡಿದ.

ಚಿನ್ಮಯಿ ಎರಡು ಸಲ ಓದಿದಳು. “ಚಿತ್ರದ ಬಗ್ಗೆ ಬರೆದಿಲ್ಲ, ಸರ್. ಆಸ್ಪತ್ರೆಯವರು ಕೇಳಿರೋದೇ ಅದನ್ನು.”

“ಅದನ್ನು ಬರೆಯಲಿಕ್ಕೆ ನನ್ನಿಂದ ಆಗುವುದಿಲ್ಲ.”

“ಯಾಕೆ?”

“ಅದು ಕ್ಲಾಸಿನದ್ದಲ್ಲ. ನಿಮ್ಮ ಪಟ್ಟಿಯಲ್ಲೇ ನೋಡಿ. ಹೆಲೆನ್‌ನ ಫೈಲಲ್ಲಿ ಆ ಬರಹ ಸಿಕ್ಕಿತಾ?”

ಸಿಕ್ಕಿರಲಿಲ್ಲ. ಬೇರೆ ಯಾವಳೋ ನರ್ಸಿನದಿರಬಹುದೆಂದು ಚಿನ್ಮಯಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿದ್ದಳು.

ರೋಕ್ ತನ್ನ ಫೋನಿನಲ್ಲಿ ಬಹಳ ಹೊತ್ತು ಹುಡುಕಿ ಅದನ್ನು ಅವಳ ಕೈಗಿತ್ತ.

ಒಂದು ಮೈಲು. ಏಪ್ರಿಲ್ ಹನ್ನೊಂದು, ಸೋಮವಾರ. ಹೆಲೆನ್ ಕ್ಲಾಸು ಬಿಟ್ಟು ಎರಡು ತಿಂಗಳಾಗಿದ್ದವು. ಆಫರ್ ಲೆಟರ್ ಬಂದು ಮೂರೇ ದಿನ. ಜೊತೆಗೆ ನೀಲಿ ಕುರ್ಚಿಗಳ ಆ ಚಿತ್ರ, ನರ್ಸುಗಳು ಮಾತ್ರ ನಿಲ್ಲಬಲ್ಲ ಕೌಂಟರಿನ ಒಳಗಡೆಯಿಂದ ತೆಗೆದದ್ದು. ಅದರ ಕೆಳಗೆ, ಹೊರದೇಶದ ನರ್ಸುಗಳು ಬೇಡವೇ ಬೇಡ ಎಂಬ ಇಡೀ ಪ್ರಬಂಧ. ಮೇಲ್ಗಡೆ ಎರಡು ಸಾಲು:

*ಸರ್, ನಮ್ಮ ಪ್ರಬಂಧಗಳು ಎಲ್ಲಿ ಬರುತ್ತವೆಂದು ನನಗೆ ಗೊತ್ತು. ಇದನ್ನೂ ಹಾಕಿ. ಚಿತ್ರವನ್ನು ಮರೆಯಬೇಡಿ.*

ಕಳುಹಿಸಿದವರ ವಿಳಾಸ ಹೆಲೆನ್‌ಳದು.

“ನೀವು ಅವರನ್ನ ಕೇಳಲಿಲ್ವಾ?”

“ಎಂತ ಕೇಳುವುದು? ಗೊತ್ತುಂಟು ಅಂತ ಬರೆದಿದ್ದಾಳೆ. ನನಗೆ ಹೆದರಿಕೆ ಆಯ್ತು. ಹೇಳಿದ ಹಾಗೆ ಹಾಕಿದೆ, ಖಲಾಸ್.” ಅವನು ಪೆನ್ನನ್ನು ಕಿಸೆಗೆ ಸಿಕ್ಕಿಸಿದ. “ಹೇಗೂ ಒಳ್ಳೆಯ ಪ್ರಬಂಧ. ಅವಳು ಬರೆದದ್ದರಲ್ಲೆಲ್ಲ ಒಳ್ಳೆಯದು.”

* * *

ಬೀದಿಗಿಳಿದಾಗ ಐದೂವರೆಯ ಬಿಸಿಲು ಗೋಡೆಗಳಿಂದ ಮರಳಿ ಮುಖಕ್ಕೆ ಹೊಡೆಯುತ್ತಿತ್ತು. ಬಕಾಲಾ ದಿನಸಿ ಅಂಗಡಿಯ ನೆರಳಿನಲ್ಲಿ ನಿಂತು ಚಿನ್ಮಯಿ ಇದ್ದದ್ದನ್ನು ಇದ್ದಹಾಗೆ ಜೋಡಿಸಲು ನೋಡಿದಳು.

ಹೆಲೆನ್ ಬರೆದಿದ್ದರೆ, ಇಂದು ಬೆಳಿಗ್ಗೆ ಹಸಿರು ಫೈಲನ್ನು ತಾನಾಗಿಯೇ ತಂದುಕೊಟ್ಟಳೇಕೆ? ಬರೆದಿಲ್ಲದಿದ್ದರೆ, ಕೌಂಟರಿನ ಒಳಗಿನ ಚಿತ್ರ ಅವಳ ಮೈಲಿಗೆ ಬಂದದ್ದು ಹೇಗೆ? ಮೂರು ಸಲ ಪರೀಕ್ಷೆಗೆ ಕೂತು ಏಳು ತೆಗೆದವಳು, ಬಾಗಿಲು ತೆರೆದ ಮೂರನೆಯ ದಿನವೇ ಅದಕ್ಕೆ ಹೊರಗಿನಿಂದ ಚಿಲಕ ಹಾಕುತ್ತಾಳೆಯೇ? ಆ ಮೈಲನ್ನು ಬೇರೆ ಯಾರಾದರೂ ಕಳುಹಿಸಬಹುದಿತ್ತು. ಅಡುಗೆಮನೆಯ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇರಲಿಲ್ಲ. ಆದರೆ ಆ ಮನೆಯಲ್ಲಿ ಇನ್ನೊಬ್ಬನಿದ್ದದ್ದು ಕಾರು ಮಾರಿ ಇಂಗ್ಲೆಂಡಿಗೆ ಕಾದು ಕೂತ ಮೋರಿಸ್.

ಎಲ್ಲ ಅಂಕಿಗಳೂ ಸರಿಯಾಗಿದ್ದವು. ಮೊತ್ತ ಮಾತ್ರ ಯಾವ ಮನುಷ್ಯರಿಗೂ ಹೊಂದುತ್ತಿರಲಿಲ್ಲ.

ಕೈಚೀಲದಲ್ಲಿ ರೋಕ್‌ನ ಕಾಗದವಿತ್ತು. ಅದನ್ನು ಹೀಗೆಯೇ ಕಳುಹಿಸಿದರೆ ಹೆಲೆನ್ ಬಹುಶಃ ಪಾರಾಗುತ್ತಾಳೆ. ಆದರೆ ಅದರಲ್ಲಿ ಒಂದು ಸುಳ್ಳಿತ್ತು: ವಿದ್ಯಾರ್ಥಿಗಳಿಗೆ ಈ ವಿಷಯ ತಿಳಿಯದು. ಸುಳ್ಳೆಂದು ಗೊತ್ತಿದ್ದ ಕಾಗದವನ್ನು ಚಿನ್ಮಯಿ ಈವರೆಗೆ ಯಾರ ಕೈಗೂ ಕೊಟ್ಟವಳಲ್ಲ.

ಅವಳು ಫೋನು ಮಾಡಿದಳು. ಒಂದೇ ರಿಂಗಿಗೆ ಎತ್ತಿದರು.

“ಸಿಕ್ಕಿತಾ ಮಾರಾಯ್ತಿ? ಕೊಟ್ರಾ?” ಹೆಲೆನ್‌ಳ ಧ್ವನಿ.

“ಕೊಟ್ಟರು, ಹೆಲೆನಕ್ಕ. ಆದರೆ…” ಬೇರೆ ದಿನವಾಗಿದ್ದರೆ ಅವಳು ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳು. ಇಂದು ಆ ಕ್ರಮ ತಪ್ಪಿತು. “ಏಪ್ರಿಲ್ ಹನ್ನೊಂದರ ನಿಮ್ಮ ಮೈಲು ನೋಡಿದೆ. ಕ್ಲಿನಿಕ್ಕಿನ ಚಿತ್ರ ನೀವೇ ಕಳಿಸಿದ್ದಾ? ಹೆಲೆನಕ್ಕ, ನಿಮಗೆ ಇಂಗ್ಲೆಂಡಿಗೆ ಹೋಗೋ ಮನಸ್ಸಿತ್ತಾ?”

ಆಚೆಯಿಂದ ನಲ್ಲಿಯ ನೀರು ಸುರಿಯುವುದು ಕೇಳಿಸಿತು. ಅದನ್ನು ಯಾರೋ ನಿಲ್ಲಿಸಿದರು.

“ಹೆಲೆನ್‌ನ ಕೈ ಹಿಟ್ಟಲ್ಲಿ ಉಂಟು, ಚಿನ್ಮಯಿ. ಫೋನು ಸ್ಪೀಕರಿಗೆ ಹಾಕಿದ್ದು ನಾನು.” ಮೋರಿಸ್‌ನ ಧ್ವನಿಯಲ್ಲಿ ತಮಾಷೆಯ ಸುಳಿವಿರಲಿಲ್ಲ. “ಯಾವ ಮೈಲು?”

ಚಿನ್ಮಯಿ ಬಾಯಿ ತೆರೆಯುವ ಮೊದಲೇ ಅಲ್ಲಿ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ಕೊಂಕಣಿ. ಏರಿದ ಧ್ವನಿ ಒಮ್ಮೆ ಅವನದು, ಒಮ್ಮೆ ಅವಳದು. ಕುರ್ಚಿ ಎಳೆದ ಸದ್ದು. ಮತ್ತೆ ಅವಳದು, ಉದ್ದಕ್ಕೆ, ಉಸಿರು ತೆಗೆದುಕೊಳ್ಳದೆ. ಮೂರು ತಿಂಗಳ ಬರಹಗಳನ್ನು ನಿಮಿಷದ ಲೆಕ್ಕದಲ್ಲಿ ಪಟ್ಟಿ ಮಾಡಿದ್ದವಳಿಗೆ ಆ ಮಾತುಗಳಲ್ಲಿ ಒಂದೂ ಅರ್ಥವಾಗಲಿಲ್ಲ.

ಬಾಗಿಲೊಂದು ದಡಾರನೆ ಮುಚ್ಚಿಕೊಂಡಿತು.

ಆಮೇಲೆ ಹೆಲೆನ್, ಫೋನಿಗೆ ತೀರಾ ಹತ್ತಿರ ಬಂದು, ಕನ್ನಡದಲ್ಲಿ ಹೇಳಿದಳು: “ಚಿನ್ಮಯಿ, ಆ ಕಾಗದ ಹರಿದು ಹಾಕು. ಅದನ್ನು ತಕ್ಕೊಳ್ಳಲಿಕ್ಕೆ ಮೋರಿಸ್ ನಿನ್ನ ಹತ್ರಕ್ಕೇ ಬರ್ತಾ ಇದ್ದಾರೆ.”